ಗಾಳಿ ಎಲ್ಲಿಂದ?

ಹಾಸನದ ಕಡೆಯಿಂದ ಎಣ್ಣೂರಿಗೆ ಬಂದು ಬೀಡುಬಿಟ್ಟು ನಲವತ್ತು ವರ್ಷದ ಹತ್ತಿರವಾಯಿತು. ಗಾಳಿ ಯಾವ ಕಡೆಗೆ ಅಂತ ತಿಳಿಯೋಕೆ ನಾನು ಯಾವತ್ತೂ ತಲೆ ಕೆಡಿಸಿಕೊಂಡವನಲ್ಲ. ಹಳೇ ಥರ್ಮಲ್ ಸ್ಟೇಷನ್ನಿನ ಚಿಮಣಿ ಇತ್ತಲ್ಲ, ಅದರ ಹೊಗೆ ನೋಡಿದರೆ ಮುಗಿಯಿತು. ಹೊಗೆ ಈ ಕಡೆ ವಾಲಿದರೆ ನನ್ನವಳು ಮಹಡಿಗೆ ಓಡಿ ಒಣಗಿದ ಬಟ್ಟೆ ಎತ್ತಿಕೊಂಡು ಬರುತ್ತಿದ್ದಳು. 2017ರಲ್ಲಿ ಆ ಸ್ಟೇಷನ್ ಮುಚ್ಚಿತು. ಅಲ್ಲಿಂದ ಮುಂದೆ ನನ್ನ ಗಾಳಿಶಾಸ್ತ್ರವೆಲ್ಲ ಮೊಬೈಲಿನಲ್ಲೇ.

ಆ ಶಾಸ್ತ್ರ ಕೈಕೊಟ್ಟದ್ದು 2023ರ ಡಿಸೆಂಬರ್ 26ರ ರಾತ್ರಿ. ಅದೇ ತಿಂಗಳು ಮೊದಲ ವಾರದಲ್ಲಿ ಮಿಚಾಂಗ್ ಚಂಡಮಾರುತ, ಹಿಂದೆಯೇ ಅಳಿವೆಯಲ್ಲಿ ಎಣ್ಣೆ. ಸಾಕಪ್ಪಾ ಅಂದುಕೊಳ್ಳುವಷ್ಟರಲ್ಲಿ ಸಮುದ್ರದೊಳಗಿನ ಅಮೋನಿಯಾ ಪೈಪು ಸೋರಿತು. ನಡುರಾತ್ರಿ ಬೀದಿ ತುಂಬಾ ಗಲಾಟೆ, ಮೂಗಿಗೆ ಬಡಿಯುವ ಘಾಟು. ನಾನು ದೊಡ್ಡ ಮನುಷ್ಯನ ಹಾಗೆ ಮೊಬೈಲ್ ತೆಗೆದೆ. 'ಈಶಾನ್ಯ, 8 ನಾಟ್' ಅಂತಿತ್ತು. ಈಶಾನ್ಯ ಅಂದರೆ ಸಮುದ್ರದ ಕಡೆ ತಾನೆ? "ಗಾಳಿ ಸಮುದ್ರಕ್ಕೆ ಹೋಗ್ತಾ ಇದೆ, ಹೆದರಬೇಡಿ" ಅಂತ ನನ್ನ ಹರಕು ತಮಿಳಿನಲ್ಲಿ ಬೀದಿಗೆಲ್ಲ ಸಾರಿದೆ. ಪಕ್ಕದ ಮನೆಯವರು ಎತ್ತಿಕೊಂಡಿದ್ದ ಚೀಲ ಕೆಳಗಿಟ್ಟರು.

ಎದುರುಮನೆಯ ಮೀನುಗಾರರ ಅಜ್ಜಿ ಮಾತ್ರ ಸೆರಗಿನ ತುದಿ ಮೇಲೆತ್ತಿ ಒಂದು ಕ್ಷಣ ನಿಂತಳು. "ವಾಡೆ ಕಾತ್ತು ಸಾರ್" ಅಂದಳು. ವಾಡೆ ಅಂದರೆ ಇಲ್ಲಿನವರ ಬಾಯಲ್ಲಿ ಬಡಗಣ ಗಾಳಿ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹತ್ತು ನಿಮಿಷದಲ್ಲಿ ಪಕ್ಕದ ಮನೆಯ ಮಗು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಿತು. ಆಮೇಲೆ ಅಜ್ಜಿ ಮುಂದೆ, ನಾವೆಲ್ಲ ಒದ್ದೆ ಬಟ್ಟೆ ಮೂಗಿಗೆ ಹಿಡಿದು ಹಿಂದೆ. ಗಾಳಿಯ ಜೊತೆಗೂ ಓಡದೆ, ಎದುರಿಗೂ ಓಡದೆ, ಅಡ್ಡಲಾಗಿ ಓಣಿ ಹಿಡಿದು ಕರೆದುಕೊಂಡು ಹೋದಳು. ಮಗು ಎರಡು ದಿನದಲ್ಲಿ ಸರಿಹೋಯಿತು. ನನಗೆ ಸರಿಹೋಗಲಿಲ್ಲ.

ಸಂಕ್ರಾಂತಿಗೆ ಅಮೆರಿಕದಿಂದ ಅಕ್ಕನ ಮಗ ಬಂದಿದ್ದ. ಹುಡುಗ ಕಂಪ್ಯೂಟರ್ ಕೆಲಸದ ಜೊತೆಗೆ ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ಮಾಡಿಕೊಂಡಿದ್ದಾನೆ. ಅವನಿಗೆ ಇದನ್ನೆಲ್ಲ ಹೇಳಿಕೊಂಡೆ. ನಗಲಿಲ್ಲ. "ಮಾವ, ಪೈಲಟ್ ಕಲಿಯೋರಿಗೂ ಮೊದಲು ಇದನ್ನೇ ತಲೆಗೆ ಹಾಕ್ತಾರೆ. ಗಾಳಿಗೆ ಹೆಸರು ಅದು ಹೋಗೋ ದಿಕ್ಕಿಂದಲ್ಲ, ಬರೋ ದಿಕ್ಕಿಂದು" ಅಂತ ತನ್ನ ಫೋರ್‌ಫ್ಲೈಟ್ ಆ್ಯಪ್ ತೆರೆದ.

ವಿಮಾನ ನಿಲ್ದಾಣದ ವರದಿಯಲ್ಲಿ '04008' ಅಂತಿದ್ದರೆ ಮೊದಲ ಮೂರು ಅಂಕಿ ಗಾಳಿ ಎಲ್ಲಿಂದ ಅನ್ನೋದು: 40 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಈಶಾನ್ಯದಿಂದ. ಕೊನೆಯ ಎರಡು ವೇಗ: 8 ನಾಟ್, ಗಂಟೆಗೆ ಸುಮಾರು 15 ಕಿಲೋಮೀಟರ್. ನಕ್ಷೆ ಮೇಲಿನ ಗರಿ ಹಚ್ಚಿದ ಕಡ್ಡಿಯಲ್ಲಿ ಗರಿಯಿರುವ ತುದಿ ಗಾಳಿ ಬರುವ ಕಡೆ. ಅರ್ಧ ಗರಿ 5 ನಾಟ್, ಪೂರ್ತಿ ಗರಿ 10. ಸಾಮಾನ್ಯ ಹವಾಮಾನದ ಆ್ಯಪ್‌ಗಳ ಬಾಣ ಎಷ್ಟೋ ಸಲ ಗಾಳಿ ಹೋಗುವ ಕಡೆಗೆ ಮುಖ ಮಾಡಿರುತ್ತದೆ. ಒಂದು ಅಕ್ಷರದಲ್ಲಿ ಬರುವ ದಿಕ್ಕು, ಇನ್ನೊಂದು ಚಿತ್ರದಲ್ಲಿ ಹೋಗುವ ದಿಕ್ಕು. ನನ್ನಂಥವನು ಎಡವದೆ ಇನ್ನೇನು!

ಇನ್ನೂ ಒಂದು ಹೇಳಿದ. ವರದಿಯ ಡಿಗ್ರಿ ಭೂಗೋಳದ ಉತ್ತರದಿಂದ ಎಣಿಸಿದ್ದು, ಟವರಿನವರು ಬಾಯಲ್ಲಿ ಹೇಳುವುದು ದಿಕ್ಸೂಚಿಯ ಉತ್ತರದಿಂದ. ಚೆನ್ನೈನಲ್ಲಿ ಇವೆರಡರ ವ್ಯತ್ಯಾಸ ತೀರ ಚಿಕ್ಕದು, ಅವನು ಹಾರುವ ಸಿಯಾಟಲ್ ಕಡೆ ಸುಮಾರು 15 ಡಿಗ್ರಿ.

"ಹಾಗಾದ್ರೆ ಈ ಆ್ಯಪ್ ನಂಬಬಹುದಾ?" ಅಂದೆ.

"ಜಿಪಿಎಸ್‌ಗೆ ಗಾಳಿ ಕಾಣಲ್ಲ ಮಾವ. ನೆಲದ ಮೇಲೆ ಎಷ್ಟು ಸರಿದಿರಿ ಅಂತ ಅಷ್ಟೇ ಗೊತ್ತು." 100 ನಾಟ್ ವೇಗದ ವಿಮಾನಕ್ಕೆ 20 ನಾಟ್ ಎದುರುಗಾಳಿ ಬಂದರೆ ನೆಲದ ಲೆಕ್ಕಕ್ಕೆ 80 ಮಾತ್ರ. 200 ನಾಟಿಕಲ್ ಮೈಲಿಗೆ ಎರಡು ಗಂಟೆಯ ಬದಲು ಎರಡೂವರೆ. ಪೆಟ್ರೋಲ್ ಲೆಕ್ಕ ತಪ್ಪಿದರೆ ದಾರಿಬದಿ ನಿಲ್ಲಿಸೋಕೆ ಅದೇನು ಸ್ಕೂಟರಾ? ಮುಂದಿನ ದಾರಿಗೆ ಆ್ಯಪ್ ತೋರಿಸುವ ಮೇಲ್ಗಾಳಿ ಕಂಪ್ಯೂಟರಿನ ಮುನ್ಸೂಚನೆ. ಎತ್ತರ ಬದಲಾದರೆ ಗಾಳಿಯೂ ಬದಲು. ನಿಲ್ದಾಣದ ವರದಿ ಅಳೆದದ್ದೇ, ಆದರೆ ಅಳೆದದ್ದು ಮೀನಂಬಾಕ್ಕಂನಲ್ಲಿ, ನಮ್ಮ ಬೀದಿಯಲ್ಲಲ್ಲ. ಅದಕ್ಕೇ ಎಷ್ಟೇ ಆ್ಯಪ್ ಇದ್ದರೂ ಇಳಿಯುವ ಮುಂಚೆ ರನ್‌ವೇ ಪಕ್ಕದ ಬಟ್ಟೆಯ ಗಾಳಿಚೀಲ ನೋಡಿಯೇ ನೋಡುತ್ತಾರಂತೆ.

ಅವನು ಹಾಗೆ ಹೇಳುವಾಗ ನನಗೆ ಕಂಡದ್ದು ನಮ್ಮೂರ ಕಣ. ರಾಗಿ ತೂರುವ ಮೊದಲು ಅವ್ವ ಒಂದು ಹಿಡಿ ಹೊಟ್ಟು ಮೇಲಕ್ಕೆ ಎಸೆದು ನೋಡಿ, ಆಮೇಲೆ ಮೊರ ಎತ್ತುತ್ತಿದ್ದಳು. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಹೇಳಿಕೊಂಡು ಊರು ಬಿಟ್ಟವನು ನಾನು. ಗಾಳಿ ಎಲ್ಲಿಂದ ಅಂತ ನೋಡೋದನ್ನು ಅಲ್ಲೇ ಕಣದಲ್ಲಿ ಬಿಟ್ಟು ಬಂದಿದ್ದೆ.

ಈಗ ನಮ್ಮ ಮಹಡಿ ಮೇಲೆ ಬಿದಿರು ಕೋಲಿಗೆ ಹಳೇ ಪಂಚೆಯ ಚೂರು ಕಟ್ಟಿದ್ದೇನೆ. ಎದುರುಮನೆ ಅಜ್ಜಿ ಅದನ್ನು ನೋಡಿ, "ಯಾವ ಪಾರ್ಟಿ ಸಾರ್?" ಅಂತ ಕೇಳಿದಳು. ಪಕ್ಕದ ಮನೆಯ ಮಗು ಸ್ಕೂಲಿಗೆ ಹೊರಡುವಾಗ ಕತ್ತೆತ್ತಿ ನೋಡಿ "ವಾಡೆ!" ಅಂತ ಕೂಗುತ್ತೆ. ಅವರಪ್ಪನಿಗೆ ಆ ರಾತ್ರಿಯ ಮಾತಿಗೆ ತಪ್ಪಾಯಿತು ಅಂತ ಕೇಳಿಕೊಂಡಿದ್ದೇನೆ. ಅವರು "ಬಿಡಿ ಸಾರ್" ಅಂದರು. ಪಂಚೆ ಚೂರನ್ನು ಮಾತ್ರ ನಾನು ಬಿಡುವುದಿಲ್ಲ.

ನಿಮ್ಮ ಮನೆಯಿಂದ ಗಾಳಿ ಗೊತ್ತಾಗೋಕೆ ಏನು ಗುರುತಿದೆ? ಇವತ್ತು ಸಂಜೆ ಒಮ್ಮೆ ಮಹಡಿ ಹತ್ತಿ ನೋಡಿ.