ಮನೆಯ ಬಗ್ಗೆ ಯೋಚಿಸುವುದೂ ಒಂದು ವೃತ್ತಿ

ಚುಂಚನಕಟ್ಟೆಯ ನಮ್ಮ ಹೆಂಚಿನ ಮನೆಯನ್ನು ಕೆಡವಿಸಿ ತಾರಸಿ ಮನೆ ಕಟ್ಟಿಸಿದಾಗ ನೆಂಟರಿಷ್ಟರೆಲ್ಲ ಬಂದು ಹೊಗಳಿ ಹೋದರು. ದಪ್ಪ ಮಣ್ಣಿನ ಗೋಡೆ, ಜಗಲಿ, ನಡುವಿನ ತೊಟ್ಟಿ ಎಲ್ಲ ಹೋಗಿ, ಚೌಕಾಕಾರದ ಸಿಮೆಂಟಿನ ಮನೆ ಎದ್ದು ನಿಂತಿತ್ತು. ಮೊದಲ ಬೇಸಿಗೆಯಲ್ಲೇ ನನ್ನ ತಾಯಿ ಅಂಗಳದಲ್ಲಿ ಚಾಪೆ ಹಾಸಿಕೊಂಡರು. “ಒಳಗೆ ಮಲಗಿದ್ರೆ ಒಲೆ ಪಕ್ಕ ಮಲಗಿದಂಗಾಯ್ತದೆ ಕಣಪ್ಪ” ಎಂದರು. ವಯಸ್ಸಾದವರ ಮಾತು ಎಂದು ನಾನು ನಕ್ಕು ಸುಮ್ಮನಾದೆ.

ಆ ಮಾತನ್ನು ಮರೆಯದೆ ಇಟ್ಟುಕೊಂಡವಳು ನನ್ನ ಮಗಳು. ಪಿಯುಸಿ ಮುಗಿದ ಮೇಲೆ ಆಕೆ ಕಂಪ್ಯೂಟರ್ ಸೈನ್ಸ್ ಓದಲಿ ಎಂಬುದು ನನ್ನ ಲೆಕ್ಕಾಚಾರ. ಅವಳು ವಾಸ್ತುಶಿಲ್ಪ ಓದಿ, ಆಮೇಲೆ ವಸತಿ ಯೋಜನೆಯಲ್ಲಿ ಮುಂದುವರಿಯುತ್ತೇನೆ ಎಂದಳು. “ಮನೆ ಕಟ್ಟೋಕೆ ಮೇಸ್ತ್ರಿ ಇದ್ದಾನೆ, ಎಂಜಿನಿಯರ್ ಇದ್ದಾನೆ. ನೀನು ಮನೆ ಬಗ್ಗೆ ಓದಿ, ಬರೆದು ಏನು ಮಾಡ್ತೀಯಮ್ಮ?” ಎಂದೆ. “ಅಜ್ಜಿ ಯಾಕೆ ಹೊರಗೆ ಮಲಗ್ತಾರೆ ಅಂತ ಅವರಲ್ಲಿ ಯಾರಾದ್ರೂ ಕೇಳಿದ್ರಾ ಅಪ್ಪ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಅವಳು ನನಗೆ ಹೇಳಿದ್ದು ಆಟೊ ಕೋನಿಗ್ಸ್‌ಬರ್ಗರ್ ಎಂಬವರ ಕಥೆ.

1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಈತ ವಾಸ್ತುಶಿಲ್ಪಿ. ಯೆಹೂದಿ ಎಂಬ ಕಾರಣಕ್ಕೆ 1933ರಲ್ಲಿ ಹಿಟ್ಲರನ ಜರ್ಮನಿ ಬಿಡಬೇಕಾಯಿತು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಮೂವತ್ತರ ಆ ತರುಣ ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಎಂಜಿನಿಯರಿಂಗ್ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರು ರೂಪಿಸಿದವು. ಸೂರ್ಯ ಎತ್ತಿನಿಂದ ಎತ್ತ ಸರಿಯುತ್ತಾನೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಳೆ ಎಲ್ಲಿಂದ ಎರಚುತ್ತದೆ — ಇವನ್ನೆಲ್ಲ ಅವರು ಕಲಿತದ್ದು ನಮ್ಮ ನೆಲದಲ್ಲಿ.

1948ರಲ್ಲಿ ಅವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಿಂದ ನೆಲೆ ಕಳೆದುಕೊಂಡು ಬಂದ ಲಕ್ಷಾಂತರ ಜನಕ್ಕೆ ಸೂರು ಬೇಕಿತ್ತು. ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆಯೂ ಅವರದೇ. ಸೋಲೂ ಬಂತು. ಗೋಡೆ, ಚಾವಣಿಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸಿದರೆ ಬೇಗ ಮನೆ ಕೊಡಬಹುದೆಂದು ದೆಹಲಿಯಲ್ಲಿ ಸರ್ಕಾರಿ ಕಾರ್ಖಾನೆ ತೆರೆದರು. ಅದು ಕೈಹಿಡಿಯಲಿಲ್ಲ. ಟೀಕೆಗಳ ನಡುವೆ 1951ರಲ್ಲಿ ಅವರು ಭಾರತ ಬಿಟ್ಟರು.

ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ಅವರ ದೊಡ್ಡ ಕೆಲಸ ಶುರುವಾದದ್ದೇ ಆಮೇಲೆ. ಲಂಡನ್ನಿನಲ್ಲಿ ನೆಲೆಸಿ, ಬಿಸಿನಾಡುಗಳ ಕಟ್ಟಡಗಳ ಬಗ್ಗೆ ಪಾಠ ಹೇಳುವ ವಿಭಾಗವನ್ನು ಮುನ್ನಡೆಸಿದರು. ವಿಶ್ವಸಂಸ್ಥೆಯ ಸಲಹೆಗಾರರಾಗಿ ಘಾನಾ, ಪಾಕಿಸ್ತಾನ, ಫಿಲಿಪ್ಪೀನ್ಸ್ ಸುತ್ತಿದರು. 1963ರಲ್ಲಿ ಸಿಂಗಪುರಕ್ಕೆ ಹೋದ ಮೂವರು ತಜ್ಞರಲ್ಲಿ ಅವರೂ ಒಬ್ಬರು. 1974ರಲ್ಲಿ ಸಂಗಡಿಗರೊಡನೆ ಬರೆದ ಉಷ್ಣವಲಯದ ವಸತಿ ಕುರಿತ ಕೈಪಿಡಿ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ಇಪ್ಪತ್ತು ವರ್ಷಕ್ಕೆ ನಕ್ಷೆ ಬರೆದು ಕಾಯುತ್ತಾ ಕೂರಬೇಡಿ. ಇಂದು ಆಗುವುದನ್ನು ಮಾಡಿ, ಫಲ ನೋಡಿ, ತಿದ್ದಿಕೊಳ್ಳುತ್ತಾ ಹೋಗಿ — ಇದು ಅವರು ಸಾರಿದ ಯೋಜನಾ ಕ್ರಮದ ತಿರುಳು. 1999ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು.

ಕೇಳುತ್ತಾ ಹೋದಂತೆ ನನಗೆ ನಮ್ಮ ಕೃಷ್ಣರಾಜನಗರ ನೆನಪಾಯಿತು. ಕಾವೇರಿಯ ನೆರೆಗೆ ಎಡತೊರೆ ನಲುಗಿದಾಗ, ನಾಲ್ವಡಿಯವರ ಕಾಲದಲ್ಲಿ ಎತ್ತರದ ನೆಲದಲ್ಲಿ ನೇರ ಬೀದಿಗಳ ಹೊಸ ಊರು ಎದ್ದಿತು. ಅಷ್ಟು ಜನ ಎಲ್ಲಿ ಬಾಳಬೇಕು, ಹೇಗೆ ಬಾಳಬೇಕು ಎಂದು ಯಾರೋ ಕುಳಿತು ಯೋಚಿಸಿದ್ದರು. ಸಂತೆಗೆಂದು ಆ ಬೀದಿಗಳಲ್ಲಿ ನೂರಾರು ಸಲ ಓಡಾಡಿದ ನನಗೆ ಅದು ಹೊಳೆದೇ ಇರಲಿಲ್ಲ.

ತಂದೆ ತಾಯಿಗಳಿಗೆ ಸಂಬಳದ ಚಿಂತೆ ಇದ್ದೇ ಇರುತ್ತದೆ, ನನಗೂ ಇದೆ. ವಾಸ್ತುಶಿಲ್ಪ ಪದವಿಗೆ ಐದು ವರ್ಷ, ಯೋಜನಾ ಪದವಿಗೆ ನಾಲ್ಕು ವರ್ಷ. ಪಿಯುಸಿಯಲ್ಲಿ ಗಣಿತ ಬೇಕು. ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ, ಗೃಹ ಮಂಡಳಿ, 2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ವಸತಿ ನಿಗಮ — ಇಂಥವರ ಕೆಲಸಕ್ಕೆಲ್ಲ ಈ ವಿದ್ಯೆ ಬೇಕು. ಸಾಫ್ಟ್‌ವೇರಿನ ಸಂಬಳ ಮೊದಲ ದಿನವೇ ಸಿಗಲಾರದು. ಆದರೆ ಬಡವರಿಗೆಂದು ಕಟ್ಟುವ ಮನೆಯ ಕಿಟಕಿ ಯಾವ ದಿಕ್ಕಿಗಿರಬೇಕು ಎಂದು ಕೇಳುವವರೇ ಇಲ್ಲದಿದ್ದರೆ, ಎಷ್ಟು ಸಾವಿರ ಮನೆ ಕಟ್ಟಿದರೂ ಎಷ್ಟು ಅಜ್ಜಿಯರು ಅಂಗಳದಲ್ಲೇ ಮಲಗಬೇಕಾದೀತು?

ಮರುದಿನ ಬೆಳಿಗ್ಗೆ ಮಗಳು ಅಳತೆ ಟೇಪು ಹಿಡಿದು ಪಕ್ಕದ ಬೀದಿಯ ಹಳೆಯ ತೊಟ್ಟಿ ಮನೆಗೆ ಹೋದಳು. ಗೋಡೆಯ ದಪ್ಪ, ಜಗಲಿಯ ಅಗಲ, ಸೂರಿನ ಇಳಿಜಾರು ಬರೆದುಕೊಂಡು ಬಂದು, “ನಮ್ಮ ಮನೆಯ ಪಡುವಣ ಗೋಡೆಗೆ ನೆರಳೇ ಇಲ್ಲ ಅಪ್ಪ, ಮೊದಲು ಅಲ್ಲಿ ಒಂದು ಚಪ್ಪರ ಹಾಕಿಸೋಣ” ಎಂದಳು. ಚಪ್ಪರ ಹಾಕಿಸಿದೆವು. ಸಂಜೆಯ ಬಿಸಿ ಕೊಂಚ ತಗ್ಗಿದೆ. ತಾಯಿ ಇನ್ನೂ ಅಂಗಳದಲ್ಲೇ ಮಲಗುತ್ತಾರೆ; ತಾರಸಿಯ ಕಾವು ಹಾಗೇ ಇದೆ. ಅದಕ್ಕೇನು ಮಾಡಬೇಕೆಂದು ಮಗಳು ಓದಿ ಬಂದು ಹೇಳಲಿ. ಅವಳ ಅರ್ಜಿಗೆ ನಾನು ಸಹಿ ಹಾಕಿದ್ದೇನೆ.