ಬಚ್ಚಲ ನೀರಿನ ದಾರಿ

ತೆಲುಗು ನಾಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ ನಗು ತರಿಸುವ ಮಾತುಗಳಲ್ಲಿ ‘ಬಚ್ಚಲಿ ಕೂರ’ವೂ ಒಂದು. ಬಚ್ಚಲಿ ಎಂದರೆ ನಮ್ಮ ಬಸಳೆಸೊಪ್ಪು. ಯೋಚಿಸಿದರೆ ಈ ನಂಟು ಅಷ್ಟೇನೂ ದೂರದ್ದಲ್ಲ. ಊರ ಮನೆಗಳಲ್ಲಿ ಬಸಳೆ ಚಪ್ಪರ, ಬಾಳೆ, ಕೆಸು ಎಲ್ಲ ಇರುತ್ತಿದ್ದುದು ಬಚ್ಚಲ ಹಿಂದೆಯೇ. ಮಿಂದ ನೀರನ್ನು ಗಿಡದ ಬುಡಕ್ಕೆ ತಿರುಗಿಸುವುದನ್ನು ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪಟ್ಟಣಕ್ಕೆ ಬಂದ ಮೇಲೆ ಎಲ್ಲವೂ ಒಂದೇ ಕೊಳವೆಯ ಪಾಲಾಯಿತು. ಒಬ್ಬರಿಗೆ ದಿನಕ್ಕೆ 135 ಲೀಟರು ನೀರು ಎಂಬುದು ನಗರದ ಲೆಕ್ಕ. ಅದರಲ್ಲಿ ಶೇಕಡ 80ರಷ್ಟು ಕೊಳೆಯಾಗಿ ಹೊರಬೀಳುತ್ತದೆಂದು ಎಂಜಿನಿಯರುಗಳು ಹಿಡಿಯುತ್ತಾರೆ. ಐದು ಜನರ ಸಂಸಾರಕ್ಕೆ ಅದು ದಿನಕ್ಕೆ 540 ಲೀಟರಾಯಿತು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ನಾನದ, ಪಾತ್ರೆಯ, ಬಟ್ಟೆಯ ನೀರು.

1908ರ ಮೂಸಿ ಪ್ರವಾಹದ ನಂತರ ಈ ಊರಿನ ಒಳಚರಂಡಿಗೆ ಯೋಜನೆ ಹಾಕಿಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರೇ ಎಂಬುದು ಹೆಮ್ಮೆಯ ಸಂಗತಿ. ಆದರೆ ಊರು ಅವರ ನಕ್ಷೆಯನ್ನು ಮೀರಿ ಬೆಳೆಯಿತು. ಕೂಕಟ್‌ಪಲ್ಲಿ ನಾಲೆ ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ದಶಕಗಳ ಕಾಲ ಹುಸೇನ್ ಸಾಗರಕ್ಕೆ ಹೊತ್ತು ತಂದಿತು. ಈಗ ಶುದ್ಧೀಕರಣ ಘಟಕಗಳು ಎದ್ದಿವೆ, ನಿಜ. ಆದರೂ ಜೋರು ಮಳೆ ಬಂದರೆ ತಗ್ಗಿನ ಓಣಿಗಳ ಪಾಡು ಹೇಳತೀರದು. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಮನೆ ಇರುವುದು ಅಂಥ ಓಣಿಯಲ್ಲಿ. 2020ರ ಅಕ್ಟೋಬರಿನ ಮಳೆಯಲ್ಲಿ ಕಪ್ಪು ನೀರು ಅವರ ಒಲೆಯವರೆಗೂ ಬಂದು, ಅಕ್ಕಿ ಬೇಳೆಯೆಲ್ಲ ಹಾಳಾಯಿತು. ಮೇಲಿನ ಬೀದಿಯವರ ನೀರೂ ಅದರಲ್ಲಿತ್ತೆಂದು ಆಕೆ ಹೇಳಲಿಲ್ಲ. ಹೇಳದೆಯೇ ನಮಗೆ ತಿಳಿಯಿತು.

ಆ ಮೇಲೆ ಹಿತ್ತಲಿನ ಮೂಲೆಯಲ್ಲಿ ನಾವೊಂದು ಏರ್ಪಾಡು ಮಾಡಿದೆವು. ಮೊದಲು ಒಂದು ಸಣ್ಣ ತೊಟ್ಟಿ. ಅಡಿಗೆಮನೆಯ ಜಿಡ್ಡು, ಅನ್ನದ ಅಗುಳು ಅಲ್ಲೇ ನಿಲ್ಲುತ್ತವೆ. ಅದರಾಚೆ, ತಳಕ್ಕೆ ಗಾರೆ ಹಾಕಿದ ಎರಡಡಿ ಆಳದ ಉದ್ದನೆಯ ಗುಂಡಿ. ಅದರ ತುಂಬ ಜಲ್ಲಿ, ಮೇಲೆ ಹೂಬಾಳೆ ಗಿಡ. ನೀರು ಜಲ್ಲಿಯ ಮೇಲೆ ಬಾರದೆ ಒಳಗೊಳಗೇ ನಿಧಾನವಾಗಿ ಸಾಗಬೇಕು; ಆಗ ಸೊಳ್ಳೆಗೂ ಎಡೆಯಿಲ್ಲ, ನಾತವೂ ಇಲ್ಲ. ಕಲ್ಲಿಗೂ ಬೇರಿಗೂ ಅಂಟಿ ಬೆಳೆಯುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ತೀರಿಸುತ್ತವೆ. ಕರೆಂಟು ಬೇಡ, ಮೋಟಾರು ಬೇಡ. ಹೊರಬಂದ ನೀರು ಬಾಳೆಗೆ, ತೆಂಗಿಗೆ, ಹೆಚ್ಚಾದದ್ದು ಚರಂಡಿಗೆ.

ಮೂರು ಕಟ್ಟುಪಾಡುಗಳುಂಟು. ಕಕ್ಕಸಿನ ನೀರನ್ನು ಇದಕ್ಕೆ ಬಿಡಕೂಡದು. ಅದರ ದಾರಿಯೇ ಬೇರೆ. ಬ್ಲೀಚಿಂಗ್ ಪುಡಿ ಸುರಿದರೆ ಆ ಜೀವಿಗಳು ಸಾಯುತ್ತವೆ. ವಾರಕ್ಕೊಮ್ಮೆ ಜಿಡ್ಡಿನ ತೊಟ್ಟಿ ತೆಗೆದು ಶುಚಿ ಮಾಡಬೇಕು. ಈ ಕೊನೆಯದರ ಸರದಿ ಯಾರದೆಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಇದರಿಂದ ಪ್ರವಾಹ ನಿಲ್ಲದು, ನಾಲೆಯೂ ತಿಳಿಯಾಗದು. ಆದರೆ ದಿನಕ್ಕೆ ಹತ್ತಿಪ್ಪತ್ತು ಕೊಡ ಕೊಳೆನೀರು ಕೆಳಗಿನ ಓಣಿಯ ಕಡೆ ಇಳಿಯುವುದು ತಪ್ಪುತ್ತದೆ. ಇಂಥವು ನೂರು ಮನೆಗಳಲ್ಲಾದರೆ? ಹಿತ್ತಲಿದ್ದವರು ಮನಸ್ಸು ಮಾಡಬಹುದು. ಫ್ಲಾಟುಗಳಲ್ಲಿರುವವರು ತಮ್ಮ ಕಟ್ಟಡದ ತೋಟಕ್ಕಾಗಿ ಸಭೆಯಲ್ಲಿ ಮಾತೆತ್ತಬಹುದು. ನೋಡಬೇಕೆಂದಿರುವವರು ಯಾವ ಭಾನುವಾರವಾದರೂ ಬನ್ನಿ. ಹೂಬಾಳೆ ಗೆಡ್ಡೆಗಳು ಬೇಕಾದಷ್ಟಿವೆ, ಕಾಫಿ ಕುಡಿದು ನಾಲ್ಕು ಒಯ್ಯಿರಿ.