ಪುಟ್ಟಿಯ ಕೈ ಹಿಡಿದು ಪಾರ್ಕಿನಿಂದ ಪಾರ್ಕಿಗೆ

ಪ್ರವಾಸ ಎಂದರೆ ಬಸ್ಸು, ರೈಲು, ಬುತ್ತಿಯ ಗಂಟು ಎಂದೇ ನಾವೆಲ್ಲ ತಿಳಿದಿರುವುದು. ಕಾಶಿ, ರಾಮೇಶ್ವರ ನೋಡಿ ಬಂದವರು ಕೇರಿಗೆಲ್ಲ ಪ್ರಸಾದ ಹಂಚಿ, ವಾರಗಟ್ಟಲೆ ವರ್ಣನೆ ಮಾಡುತ್ತಾರೆ. ಈ ಸಲ ನಾನು ಮಾಡಿಬಂದ ಪ್ರವಾಸಕ್ಕೆ ಪ್ರಸಾದವೂ ಇಲ್ಲ, ಹೇಳಿಕೊಳ್ಳುವಂಥ ಫೋಟೋವೂ ಇಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ, ಮಗಳ ಮನೆಯಿಂದ ಎರಡು ಕಿಲೋಮೀಟರಿನೊಳಗೆ, ಒಂದು ವರ್ಷ ಎಂಟು ತಿಂಗಳ ಮೊಮ್ಮಗಳ ಕೈ ಹಿಡಿದುಕೊಂಡು ಮೂರು ತಿಂಗಳು ಪಾರ್ಕಿನಿಂದ ಪಾರ್ಕಿಗೆ ಅಲೆದದ್ದೇ ನನ್ನ ಯಾತ್ರೆ.

ಮಗಳೂ ಅಳಿಯಂದಿರೂ ಬೆಳಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಟರೆ ದೀಪ ಹಚ್ಚುವ ಹೊತ್ತು ಕಳೆದ ಮೇಲೆಯೇ ಬರುವುದು. ಮೂರನೇ ಮಹಡಿಯ ಮನೆ. ಮಗುವನ್ನು ನೋಡಿಕೊಳ್ಳುತ್ತಿದ್ದಾಕೆ ಊರಿಗೆ ಹೋದಳೆಂದು ನನಗೆ ಕರೆ ಬಂತು. ಹೋಗಿ ನೋಡುತ್ತೇನೆ, ಪುಟ್ಟಿಗೆ ತುತ್ತು ಇಳಿಯಬೇಕಾದರೆ ಎದುರಿಗೆ ಫೋನು ಕುಣಿಯಬೇಕು. ಫೋನು ಕೆಳಗಿಟ್ಟರೆ ಬಾಯಿ ಮುಚ್ಚಿತು. “ಏನು ಮಾಡ್ಲಿ ಅಮ್ಮಾ, ಊಟಾನೇ ಮಾಡಲ್ವಲ್ಲ” ಎನ್ನುವಾಗ ಮಗಳ ಕಣ್ಣಲ್ಲಿ ನೀರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ, ಎರಡು ತುಂಬಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು, ಆದರೆ ಓಡಾಟ, ಆಟ ಎಲ್ಲ ಸೇರಿ ದಿನಕ್ಕೆ ಮೂರು ಗಂಟೆಯಾದರೂ ಇರಬೇಕು. ಇದು ಮಗಳಿಗೂ ಗೊತ್ತು. ಗೊತ್ತಿದ್ದು ಮಾಡಲಾಗದ ಸಂಕಟ ಅವಳದು. ಮೂರನೇ ಮಹಡಿಯಲ್ಲಿ ಮೂರು ಗಂಟೆ ಎಲ್ಲಿ ಓಡಿಸುವುದು?

ಹೀಗೆ ಶುರುವಾಯಿತು ನಮ್ಮ ಸವಾರಿ. ಮೊದಲು ಕೃಷ್ಣರಾವ್ ಪಾರ್ಕು. 1941ರಲ್ಲಿ ಮೈಸೂರಿನ ಹಂಗಾಮಿ ದಿವಾನರಾಗಿದ್ದ ಎಂ. ಎನ್. ಕೃಷ್ಣರಾಯರ ಹೆಸರಿನದು. ನನ್ನ ಕಾಲಿಗೆ ಮನೆಯಿಂದ ಏಳು ನಿಮಿಷ, ಪುಟ್ಟಿಯ ಕಾಲಿಗೆ ನಲವತ್ತು. ಒಂದೊಂದು ಗೇಟಿನ ಮುಂದಿನ ರಂಗೋಲಿಯನ್ನೂ ಬಗ್ಗಿ ನೋಡಬೇಕು. ಮಲಗಿದ್ದ ನಾಯಿಗೆ ಟಾಟಾ ಹೇಳಬೇಕು. ಹೂವಾಡಗಿತ್ತಿಯ ಬುಟ್ಟಿಯ ಬಳಿ ನಿಂತರೆ ಆಕೆಯೇ ಒಂದು ಸೇವಂತಿಗೆ ಕೊಟ್ಟು ಬೀಳ್ಕೊಡಬೇಕು. ಎತ್ತಿಕೊಂಡು ಬೇಗ ಹೋಗೋಣವೆಂದರೆ ಬಿಲ್ಲಿನಂತೆ ಬೆನ್ನು ಬಾಗಿಸಿ ಜಾರುತ್ತಾಳೆ. ನಾಲ್ಕು ದಿನ ಕಳೆದ ಮೇಲೆ ನಾನೂ ಅವಸರ ಬಿಟ್ಟೆ. ಪಾರ್ಕು ಮುಟ್ಟುವ ಹೊತ್ತಿಗೆ ಅರ್ಧ ಆಟ ಬೀದಿಯಲ್ಲೇ ಮುಗಿದಿರುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆಯಲ್ಲ.

ಒಳಗೆ ಹೊಕ್ಕರೆ ದೊಡ್ಡ ಮರಗಳ ನೆರಳು. ಸುತ್ತಿನ ದಾರಿಯಲ್ಲಿ ನಡಿಗೆಯವರು ಕೈ ಬೀಸುತ್ತ ಹೋಗುತ್ತಿರುತ್ತಾರೆ. ಅವರ ದಾರಿಗೆ ಕೂಸು ಅಡ್ಡ ಬಂದರೆ ಕೆಲವರಿಗೆ ನಗು, ಕೆಲವರಿಗೆ ಸಿಡುಕು. ಮಕ್ಕಳ ಆಟದ ಜಾಗಕ್ಕೆ ಹೋದಾಗ ನನಗೆ ಹೊಳೆದದ್ದು ಒಂದೇ. ಈ ಜಾರುಬಂಡೆ, ಉಯ್ಯಾಲೆ, ಏಣಿ ಎಲ್ಲ ಐದಾರು ವರ್ಷದ ಮಕ್ಕಳ ಅಳತೆಯವು. ಎಲ್ಲ ಪಾರ್ಕಿನಲ್ಲೂ ಇದೇ ಕಥೆ. ನಡೆಯಲು ಕಲಿತ ಕೂಸು ಮೊದಲ ಮೆಟ್ಟಿಲ ಮೇಲೆ ಮಂಡಿಯೂರಿ ಮೇಲಕ್ಕೆ ನೋಡುತ್ತದೆ, ಹಿಂದಿನಿಂದ ದೊಡ್ಡ ಮಕ್ಕಳು “ಬೇಗ ಹತ್ತೇ, ಬೇಗ” ಎಂದು ನೂಕುತ್ತಾರೆ. ಆಗ ಅಮ್ಮಂದಿರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ತಾವೇ ಜಾರುವುದುಂಟು. ನೋಡಲು ಮುದ್ದಾಗಿರುತ್ತದೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮಗುವಿನ ಪಾದ ಪಕ್ಕದ ಅಂಚಿಗೆ ಸಿಕ್ಕಿಕೊಂಡರೆ ನಮ್ಮ ಮೈಭಾರವೆಲ್ಲ ಅದರ ಪುಟ್ಟ ಕಾಲಿನ ಮೇಲೆ ಬಿದ್ದು ಮೊಣಕಾಲ ಕೆಳಗಿನ ಮೂಳೆ ಬಿರುಕು ಬಿಡುತ್ತದೆ. ಮಗು ಒಂಟಿಯಾಗಿ ಜಾರಿದರೆ ಕಾಲು ಸಿಕ್ಕಿದರೂ ತಾನೇ ನಿಲ್ಲುತ್ತದೆ. ಆದ್ದರಿಂದ ಗಿಡ್ಡ ಜಾರುಬಂಡೆ ಇದ್ದರೆ ಪಕ್ಕದಲ್ಲಿ ನಿಂತು ಕೈ ಹಿಡಿಯಿರಿ. ಇಲ್ಲವಾದರೆ ಇನ್ನೆರಡು ವರ್ಷ ಕಾಯಲಿ, ಜಾರುಬಂಡೆ ಎಲ್ಲಿಗೂ ಓಡಿಹೋಗುವುದಿಲ್ಲ. ತಗಡಿನದಾದರೆ ಮೊದಲು ನಿಮ್ಮ ಅಂಗೈ ಇಟ್ಟು ನೋಡಿ. ಬಿಸಿಲಿಗೆ ಅದು ಕಾದ ಕಾವಲಿಯೇ. ಕೊರಳಿನ ಸರ, ಟೋಪಿಯ ದಾರ, ಫ್ರಾಕಿನ ಉದ್ದನೆಯ ಲಾಡಿ ಇವನ್ನೆಲ್ಲ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಎತ್ತರದಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಕೊರಳಿಗೇ ಉರುಳು.

ಪುಟ್ಟಿಗೆ ಇದಾವುದೂ ಬೇಕಿರಲಿಲ್ಲ ಎನ್ನಿ. ಉಯ್ಯಾಲೆಯ ಕೆಳಗೆ ಸ್ವಲ್ಪ ಮರಳಿತ್ತು. ಅಲ್ಲಿ ಕೂತಳು. ಹಿಡಿ ತುಂಬಿದಳು, ಬಿಟ್ಟಳು. ಮತ್ತೆ ತುಂಬಿದಳು, ಬಿಟ್ಟಳು. ಉಯ್ಯಾಲೆ ತೂಗುವ ಮಕ್ಕಳ ಕಾಲು ತಗಲದಂತೆ ಅವಳನ್ನು ಆಚೆ ಮೂಲೆಗೆ ಕೂರಿಸಿ ಒಂದು ಹಳೇ ಚಮಚ, ಒಂದು ಲೋಟ ಕೊಟ್ಟೆ. ಮುಕ್ಕಾಲು ಗಂಟೆ ನನ್ನ ಕಡೆ ತಿರುಗಿ ನೋಡಲಿಲ್ಲ. ಅಷ್ಟು ಹೊತ್ತು ಒಂದೇ ಕೆಲಸದಲ್ಲಿ ಮುಳುಗುವ ಮಗುವಿಗೆ ಮನಸ್ಸು ನಿಲ್ಲುವುದಿಲ್ಲ ಎಂದವರಾರು?

ಅಮೆರಿಕದಲ್ಲಿ ಮಕ್ಕಳ ಆಟದ ಜಾಗ ಎಂಬುದು ಶುರುವಾದದ್ದೇ ಮರಳಿನಿಂದ. 1885ರಲ್ಲಿ ಬರ್ಲಿನ್ನಿಗೆ ಹೋಗಿದ್ದ ಮೇರಿ ಜಕ್ಷೆವ್ಸ್ಕಾ ಎಂಬ ವೈದ್ಯೆ, ಅಲ್ಲಿನ ಉದ್ಯಾನಗಳಲ್ಲಿ ಮಕ್ಕಳು ಮರಳಿನ ಗುಡ್ಡೆಯ ಮೇಲೆ ಆಡುವುದನ್ನು ಕಂಡು ಬಾಸ್ಟನ್ ಊರಿನ ಒಂದು ಸಂಘಕ್ಕೆ ಕಾಗದ ಬರೆದರು. ಅವರು ಒಂದು ಪ್ರಾರ್ಥನಾ ಮಂದಿರದ ಅಂಗಳದಲ್ಲಿ ಮರಳು ಸುರಿಸಿದರು. ಅಷ್ಟೇ! ಜಾರುಬಂಡೆ, ಕಬ್ಬಿಣದ ಏಣಿ ಎಲ್ಲ ಆಮೇಲೆ ಬಂದ ಒಡವೆಗಳು. ಒಬ್ಬ ಹೆಂಗಸಿನ ಕಣ್ಣಿಗೆ ಬಿದ್ದದ್ದು ಮಣ್ಣಾಟವೇ ಎಂಬುದು ನನಗೆ ಆಶ್ಚರ್ಯವೆನಿಸಲಿಲ್ಲ. ಆದರೆ ಮರಳು ಒಳ್ಳೆಯದೆಂದು ಕಣ್ಣು ಮುಚ್ಚಿ ಕೂರಿಸಬೇಡಿ. ನಾಯಿ ಬೆಕ್ಕುಗಳಿಗೂ ಅದು ಇಷ್ಟದ ಜಾಗ, ಅವುಗಳ ಹೊಲಸಿನಿಂದ ಹುಳುವಿನ ತೊಂದರೆ ತಗಲುತ್ತದೆ. ಕಡ್ಡಿಯಿಂದ ಕೆದಕಿ ನೋಡಿ ಕೂರಿಸಿ, ಎದ್ದ ಕೂಡಲೇ ಸೋಪು ಹಚ್ಚಿ ಕೈ ತೊಳೆಸಿ. ಸಂಜೆಯಾದರೆ ಕೈಕಾಲು ಮುಚ್ಚುವ ಬಟ್ಟೆ ಇರಲಿ. ಡೆಂಗಿಯ ಸೊಳ್ಳೆ ಹಗಲಿನದು, ಹೊತ್ತು ಮುಳುಗುವ ಮುಂಚೆ ಅದರ ಕಾಟ ಹೆಚ್ಚು.

ಬ್ಯೂಗಲ್ ರಾಕ್ ಪಾರ್ಕಿಗೆ ಹೋದದ್ದು ಎರಡನೇ ವಾರ. ಕಹಳೆ ಬಂಡೆ ಎಂಬುದು ಅದರ ಕನ್ನಡದ ಹೆಸರು. ಹಿಂದೆ ಕಾವಲಿನವರು ಇಲ್ಲಿಂದ ಕಹಳೆ ಊದುತ್ತಿದ್ದರಂತೆ. ಡಿ.ವಿ.ಜಿ. ಅವರ ಪ್ರತಿಮೆ ಇರುವುದೂ ಇಲ್ಲೇ. ಪುಟ್ಟಿ ಅವರಿಗೂ ಟಾಟಾ ಹೇಳಿದಳು. ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ. ಅಷ್ಟು ಹಳೆಯದರ ಮೇಲೆ ಇಷ್ಟು ಹೊಸ ಪಾದ! ಹತ್ತುವುದು, ಕೂತು ಜರುಗುತ್ತ ಇಳಿಯುವುದು, ಬಿಸಿಲಿಗೆ ಬೆಚ್ಚಗಾದ ಕಲ್ಲಿಗೆ ಕೆನ್ನೆ ಇಡುವುದು. ನಮ್ಮೂರ ಕಡೆ ನಾವು ಚಿಕ್ಕವರಿದ್ದಾಗ ತೆಂಗಿನ ಮಟ್ಟೆಯ ಮೇಲೆ ಕೂತು ನಿಜವಾದ ಬಂಡೆಯ ಮೇಲೇ ಜಾರುತ್ತಿದ್ದೆವು. ಜಾರುಬಂಡೆ ಎಂಬ ಮಾತಿನಲ್ಲೇ ಬಂಡೆ ಇದೆಯಲ್ಲ. ಇಲ್ಲಿನ ಮರಗಳಲ್ಲಿ ಬಾವಲಿಗಳು ತೂಗುಬಿದ್ದಿರುತ್ತವೆ. ಪುಟ್ಟಿ ಬೆರಳು ತೋರಿಸಿ “ಕಾಕಾ, ಕಾಕಾ” ಎಂದು ಕೂಗಿದಳು. ಕಾಗೆ ಅಲ್ಲವೆಂದು ತಿದ್ದಲು ಹೋಗಲಿಲ್ಲ. ಮನೆಯಲ್ಲಿ ತಾನಾಗಿ ಮಾತು ತೆಗೆಯದ ಮಗು ಅದು.

ಬಸವನಗುಡಿ ಕಡಲೆಕಾಯಿಯ ಊರು. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಮುಂದೆ ಪರಿಷೆ ನಡೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪಾರ್ಕಿನ ಬೆಂಚಿನಲ್ಲಿ ಕೂತವರು ಪ್ರೀತಿಯಿಂದ ಕೂಸಿನ ಕೈಗೂ ನಾಲ್ಕು ಬೀಜ ಹಾಕಲು ಬರುತ್ತಾರೆ. ಬೇಡ ಎನ್ನಲು ನಾಚಬೇಡಿ. ದವಡೆ ಹಲ್ಲು ಸರಿಯಾಗಿ ಬಾರದ ಮಗು ನಗುವಾಗ, ಓಡುವಾಗ ಇಡೀ ಬೀಜ ಉಸಿರಿನ ನಾಳಕ್ಕೆ ಹೋಗಿ ಕೂರುತ್ತದೆ. ಪುಟ್ಟಿಗೆಂದು ನಾನು ಬೇಯಿಸಿದ ಗೆಣಸನ್ನು ಕಿವುಚಿ, ಚಿಟಿಕೆ ಏಲಕ್ಕಿ ಹಾಕಿ ಡಬ್ಬಿಯಲ್ಲಿ ಒಯ್ಯುತ್ತಿದ್ದೆ. ಇನ್ನೊಂದು ದಿನ ರಾಗಿ ಹುರಿಹಿಟ್ಟಿಗೆ ಬಾಳೆಹಣ್ಣು, ಹಾಲು ಕಲಸಿದ ಮೆತ್ತನೆಯ ಉಂಡೆ. ಮಣ್ಣಾಡಿ ಹಸಿದ ಹೊಟ್ಟೆ, ಒಂದು ಕಡೆ ಕೂರಿಸಿ ಕೊಟ್ಟರೆ ಫೋನಿಲ್ಲದೆಯೇ ಡಬ್ಬಿ ಖಾಲಿ. ಮಗಳಿಗೆ ಹೇಳಿದರೆ ನಂಬಲಿಲ್ಲ. ಭಾನುವಾರ ತಾನೇ ಬಂದು ನೋಡಿದಳು. ಏನೂ ಮಾತಾಡಲಿಲ್ಲ, ಮಗುವಿನ ಪಕ್ಕ ಮರಳಿನಲ್ಲೇ ಕೂತುಬಿಟ್ಟಳು.

ಲಾಲ್‌ಬಾಗಿಗೂ ಹೋದೆವು. ಹೈದರಾಲಿ 1760ರಲ್ಲಿ ತೊಡಗಿಸಿದ ತೋಟ, ಈಗ 240 ಎಕರೆ. ಗಾಜಿನ ಮನೆ, ಕೆರೆ, ಬಂಡೆಯ ಮೇಲೆ ಕೆಂಪೇಗೌಡರ ಗೋಪುರ ಎಲ್ಲ ನಮಗೆ ಚಂದ. ಎರಡು ವರ್ಷ ತುಂಬದವಳಿಗೆ ಅದು ಮಿತಿಮೀರಿದ ಊಟ. ಪಶ್ಚಿಮದ ಗೇಟಿನ ಒಳಗೆ ಇಪ್ಪತ್ತು ಹೆಜ್ಜೆ ಹೋಗಿ ಉದುರಿದ ಎಲೆ ಆರಿಸಲು ಕೂತವಳು ಅಲ್ಲಿಂದ ಮುಂದೆ ಬರಲೇ ಇಲ್ಲ. ವಾಪಸು ಆಟೋ.

ಮಗಳ ಮನೆಯ ಹಿಂದಿನ ಅಡ್ಡರಸ್ತೆಯಲ್ಲಿ ಒಂದು ಸಣ್ಣ ಪಾರ್ಕಿದೆ. ಹೆಸರು ಬೇಡ. ಎಲ್ಲಕ್ಕಿಂತ ಹತ್ತಿರ, ಎಲ್ಲಕ್ಕಿಂತ ಬೇಸರ. ನೆಲಕ್ಕೆ ರಬ್ಬರು ಹಾಸು, ಒಂದು ಹಿಡಿ ಮಣ್ಣಿಲ್ಲ, ಮಧ್ಯಾಹ್ನ ಕಾಲಿಟ್ಟರೆ ಸುಡುತ್ತದೆ. ಬೇಲಿಗೆ ಕಣಗಿಲೆ. ದನ ತಿನ್ನುವುದಿಲ್ಲವೆಂದು ನೆಡುತ್ತಾರೆ. ಏಕೆ ತಿನ್ನುವುದಿಲ್ಲವೆಂದರೆ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಕ್ಕಳು ಆಡುವ ಜಾಗಕ್ಕೆ ಬೇರೆ ಗಿಡ ಸಿಗಲಿಲ್ಲವೇ? ಬೆಂಗಳೂರಿನ ಪಾರ್ಕುಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಲಾಗುವುದೆಂದು 2024ರಲ್ಲಿ ಘೋಷಣೆಯಾಯಿತು. ಈ ಗೇಟಿಗೆ ಮಾತ್ರ ಹತ್ತು ಗಂಟೆಗೆ ಬೀಗ ಬೀಳುತ್ತಿತ್ತು. ಕೇಳಿದರೆ “ಸಂಜೆ ನಾಲ್ಕಕ್ಕೆ ಬನ್ನಿ ಅಮ್ಮಾ” ಎಂದ ಕಾವಲಿನವನು. ಅವನನ್ನು ಅಂದು ಫಲವೇನು. ಮಗು ನಿದ್ದೆ ಮುಗಿಸಿ ಏಳುವುದು ಎರಡೂವರೆಗೆ. ನಾಲ್ಕರವರೆಗೆ ಫೋನಿನದೇ ರಾಜ್ಯ.

ಆದರೂ ಈ ಪಾರ್ಕಿನ ಕಲ್ಲುಬೆಂಚಿನಲ್ಲೇ ನನಗೆ ಗೆಳತಿಯರು ಸಿಕ್ಕಿದ್ದು. ಹಾಸನದಿಂದ ಬಂದ ಒಬ್ಬ ಅಜ್ಜಿ, ಅವಳಿ ಮಕ್ಕಳ ತಾಯಿ ಒಬ್ಬಳು, ಒಬ್ಬ ನಿವೃತ್ತ ಉಪಾಧ್ಯಾಯಿನಿ. “ಎಷ್ಟು ತಿಂಗಳು ರೀ ಮಗೂಗೆ?” ಎಂಬಲ್ಲಿಂದ ಶುರುವಾದದ್ದು ಗೊಜ್ಜವಲಕ್ಕಿ, ಮಂಡಿನೋವು, ಸೊಸೆಯ ಬಡ್ತಿಯವರೆಗೆ ಹೋಗುತ್ತಿತ್ತು. ಅವಳಿಗಳ ತಾಯಿ ಒಂದು ದಿನ “ಇಲ್ಲಿಗೆ ಬರೋದೊಂದೇ ಅಮ್ಮಾ ನನಗೆ ಹೊರಗೆ ಅಂತ ಇರೋದು” ಎಂದಳು. ಪಾರ್ಕು ಮಕ್ಕಳಿಗಷ್ಟೇ ಅಲ್ಲ ನೋಡಿ.

ನಮ್ಮೂರಿನ ಮಾತು ತೆಗೆದದ್ದೂ ಅಲ್ಲೇ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಪಾರ್ಕೆಂದು ಬಿಟ್ಟ ಜಾಗವೊಂದಿದೆ. ಪಾರ್ಥೇನಿಯಂ ಬೆಳೆದು ನಿಂತಿದೆ. ಅಲ್ಲಿ ಯಾವುದೋ ಭವನ ಕಟ್ಟಿಸುವ ಸುದ್ದಿ ಎರಡು ವರ್ಷದಿಂದ ಹರಿದಾಡುತ್ತಿದೆ. “ಕಟ್ಟಿದರೆ ಕಟ್ಟಲಿ, ನಾವೇನು ಮಾಡೋಕಾಗತ್ತೆ” ಎಂದೆ. ಉಪಾಧ್ಯಾಯಿನಿ ಬಿಡಲಿಲ್ಲ. “ಯಾಕ್ರೀ ಆಗಲ್ಲ? ರಾಜಮಹಲ್ ವಿಲಾಸ ಬಡಾವಣೆ ಕಥೆ ಕೇಳಿ” ಎಂದು ಶುರುಮಾಡಿದರು. ಅಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಸುತ್ತಲಿನ ಮನೆಗಳವರು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು: ಪಾರ್ಕಿನ ಜಾಗ ಜನರೆಲ್ಲರದು, ಅದನ್ನು ಹೀಗೆ ಖಾಸಗಿಯವರಿಗೆ ಕೊಡುವಂತಿಲ್ಲ. ಪಾರ್ಕು, ಆಟದ ಬಯಲುಗಳನ್ನು ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ. ಆಸ್ಪತ್ರೆ ಕೂಡ ಒಳ್ಳೆಯ ಕೆಲಸವೇ, ಆದರೆ ಅದಕ್ಕೆ ಬೇರೆ ಜಾಗ ಹುಡುಕಬಹುದು. ಕೇರಿಯ ಮಕ್ಕಳಿಗೆ ಇನ್ನೊಂದು ಕೇರಿಯ ಪಾರ್ಕು ದಕ್ಕುವುದಿಲ್ಲ.

ಊರಿಗೆ ಬಂದ ಮೇಲೆ ಎದುರುಮನೆಯಾಕೆ, ಮೂಲೆಮನೆಯ ಅಕ್ಕ, ಅವರ ಸೊಸೆ, ನಾನು ನಾಲ್ವರೂ ಸೇರಿ ನಗರಸಭೆಗೆ ಅರ್ಜಿ ಕೊಟ್ಟೆವು. “ಜಾರುಬಂಡೆ ಕೇಳಿದ್ರಾ?” ಎಂದರು ನಮ್ಮವರು. ಕೇಳಲಿಲ್ಲ. ಬಡಾವಣೆಯ ನಕ್ಷೆಯ ಪ್ರತಿ, ದನ ನುಗ್ಗದಂತೆ ಬೇಲಿ, ಒಂದು ನಲ್ಲಿ, ಎರಡು ಬೆಂಚು, ನಾಲ್ಕು ಹೊಂಗೆ ಸಸಿ, ಒಂದಡಿ ಆಳಕ್ಕೆ ಮರಳು, ಅದರ ಮೇಲೆ ಹೊದಿಸಲು ರಾತ್ರಿಗೊಂದು ಟಾರ್ಪಾಲು. ಅಷ್ಟೇ ಬರೆದದ್ದು. ಗುಮಾಸ್ತರು ಓದಿ, “ಮನೆ ಕಟ್ಟೋಕೇ ಹೊಳೆ ಮರಳು ಸಿಕ್ತಿಲ್ಲ, ಎಂ-ಸ್ಯಾಂಡ್ ಹಾಕಿಸೋಣ ಬಿಡಿ” ಎಂದರು. ಅದು ಕಲ್ಲು ಅರೆದ ಪುಡಿ, ಚುಚ್ಚುತ್ತದೆ, ಧೂಳೇಳುತ್ತದೆ, ಮಕ್ಕಳಿಗೆ ಆಗದು ಎಂದು ಮೂಲೆಮನೆಯ ಅಕ್ಕ ಅಲ್ಲೇ ಹೇಳಿದರು. ಗುಮಾಸ್ತರು ಅರ್ಜಿಯ ಅಂಚಿನಲ್ಲಿ ಏನೋ ಗೀಚಿ, ಸೀಲು ಹೊಡೆದು ಸ್ವೀಕೃತಿ ಕೊಟ್ಟಿದ್ದಾರೆ. ಮುಂದಿನ ಸೋಮವಾರ ಮತ್ತೆ ಹೋಗುವವರಿದ್ದೇವೆ. ಈ ಸಲ ಬೀದಿಯ ಇನ್ನಿಬ್ಬರು ಸೊಸೆಯಂದಿರೂ ಮಕ್ಕಳನ್ನು ಕಟ್ಟಿಕೊಂಡು ಬರುತ್ತಾರಂತೆ.